ಮೀನಿನ ತೊಟ್ಟಿಯ ನೀರಿಗೆ ಹನಿ ಕಿಟ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ನಮ್ಮ ಮನೆಯ ಸಂಪ್‌ಗೆ, ಅಂದರೆ ನೆಲದಡಿಯ ಟ್ಯಾಂಕಿಗೆ, ಕಾವೇರಿ ನೀರೂ ಬೀಳುತ್ತದೆ, ಕೊಳವೆಬಾವಿ ನೀರೂ ಬೀಳುತ್ತದೆ. ಹಾಗಾಗಿ ಕಳೆದ ವಾರ ತೊಟ್ಟಿಗೆ ಸುರಿದ ನೀರೇ ಬೇರೆ, ಈ ವಾರದ್ದೇ ಬೇರೆ. ಪರೀಕ್ಷೆ ಮಾಡದೆ ಇಲ್ಲಿ ಮೀನು ಸಾಕುವುದು ಕಷ್ಟ.

ಮೊದಲು ತಂದದ್ದು ಕಾಗದದ ಪಟ್ಟಿಗಳನ್ನು. ಅದ್ದಿ ತೆಗೆದರೆ ಒಂದು ನಿಮಿಷದಲ್ಲಿ ಬಣ್ಣ ಮೂಡುತ್ತದೆ. ಹೊಸ ತೊಟ್ಟಿಗೆ ಬಿಟ್ಟ ಆರು ನಿಯಾನ್ ಟೆಟ್ರಾಗಳಲ್ಲಿ ಐದು ಒಂದೇ ವಾರದಲ್ಲಿ ಸತ್ತವು. ನೀರು ಕನ್ನಡಿಯಂತಿತ್ತು, ಪಟ್ಟಿಯೂ ಎಲ್ಲ ಸರಿಯಿದೆ ಎನ್ನುತ್ತಿತ್ತು. ಡಬ್ಬಿಯನ್ನು ತಿರುಗಿಸಿ ಓದಿದಾಗ ಗೊತ್ತಾಯಿತು: ಅದರಲ್ಲಿ ಅಮೋನಿಯಾದ ಚೌಕವೇ ಇಲ್ಲ! ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಬೆಳೆಯಲು ವಾರಗಳೇ ಬೇಕು. ಅಲ್ಲಿಯವರೆಗೆ ಮೀನನ್ನು ಮೊದಲು ಕೊಲ್ಲುವುದು ಅಮೋನಿಯಾವೇ.

ಆಮೇಲೆ ಕೊಂಡದ್ದು ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್. ಏಳು ಪುಟ್ಟ ಬಾಟಲಿ, ಮುಚ್ಚಳವಿರುವ ನಾಲ್ಕು ಗಾಜಿನ ಪ್ರನಾಳ, ಒಂದು ಬಣ್ಣದ ಕಾರ್ಡು. ಅಮೋನಿಯಾ ನೋಡಲು 5 ಮಿಲಿಲೀಟರ್ ನೀರಿಗೆ ಎರಡು ಬಾಟಲಿಗಳಿಂದ ಎಂಟೆಂಟು ಹನಿ ಹಾಕಿ ಐದು ನಿಮಿಷ ಕಾದೆ. ಹಳದಿಯಾಗಿ ಉಳಿಯಬೇಕಾದದ್ದು ಎಳೆಹುಲ್ಲಿನ ಹಸಿರಿಗೆ ತಿರುಗಿತು. ಅಂದೇ ಅರ್ಧ ನೀರು ಬದಲಿಸಿದೆ. ಉಳಿದ ಒಂದು ಮೀನು ಬದುಕಿತು.

ಈ ಕಿಟ್‌ನಲ್ಲಿ ಜನ ಹೆಚ್ಚು ಎಡವುವುದು ನೈಟ್ರೇಟ್ ಪರೀಕ್ಷೆಯಲ್ಲಿ. ನಾನೂ ಎಡವಿದೆ. ನಾಲ್ಕು ತಿಂಗಳು ಕಾರ್ಡು 5 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಐದು ಭಾಗ) ತೋರಿಸುತ್ತಲೇ ಇತ್ತು, ಗಿಡಗಳು ಹೀರಿಕೊಳ್ಳುತ್ತಿವೆ ಎಂದು ಖುಷಿಪಟ್ಟಿದ್ದೆ. ಎರಡನೇ ಬಾಟಲಿಯ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಮೂವತ್ತು ಸೆಕೆಂಡು ಬಲವಾಗಿ ಕುಲುಕಿ, ಹನಿ ಹಾಕಿದ ಮೇಲೆ ಪ್ರನಾಳವನ್ನು ಒಂದು ನಿಮಿಷ ಕುಲುಕಬೇಕೆಂದು ಚೀಟಿಯಲ್ಲೇ ಬರೆದಿದೆ. ಬಾಟಲಿಯನ್ನು ಮೇಜಿಗೆ ತಟ್ಟಿ, ತೋಳು ನೋಯುವಷ್ಟು ಕುಲುಕಿ ನೋಡಿದರೆ ಕಿತ್ತಳೆಗೆಂಪು: 40! ಅನುಮಾನ ಬಂದು ಸಂಪಿನ ನೀರನ್ನೇ ಪರೀಕ್ಷಿಸಿದೆ. ಅದರಲ್ಲೇ 20 ಇತ್ತು. ಅಂದರೆ ಎಷ್ಟು ನೀರು ಬದಲಿಸಿದರೂ ಅದಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ.

ಪಿಎಚ್‌ಗೆ, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆಗೆ, ಎರಡು ಬಾಟಲಿಗಳಿವೆ. ಆಗಷ್ಟೇ ಎತ್ತಿದ ಕೊಳವೆಬಾವಿ ನೀರು 7.4 ತೋರಿಸುತ್ತದೆ. ಒಂದು ದಿನ ಬಕೆಟ್‌ನಲ್ಲಿಟ್ಟರೆ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 8.2ಕ್ಕೆ ಏರುತ್ತದೆ, ಆಗ ಹೆಚ್ಚಿನ ಪಿಎಚ್ ಅಳೆಯುವ ಎರಡನೆಯ ಬಾಟಲಿಯೇ ಬೇಕು. ಪಿಎಚ್ ಏರಿದಷ್ಟೂ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುವುದರಿಂದ ಎರಡನ್ನೂ ಕೂಡಿಸಿ ಓದಬೇಕು.

ಕೊರತೆಯೂ ಇದೆ. ಗಡಸುತನ ಅಳೆಯುವ ದ್ರವ ಈ ಪೆಟ್ಟಿಗೆಯಲ್ಲಿಲ್ಲ, ನಮ್ಮಂಥ ಗಡಸು ನೀರಿನವರು ಅದನ್ನು ಬೇರೆಯಾಗಿ ಕೊಳ್ಳಬೇಕು. ನಮ್ಮ ನೀರಿನ ಕಾರ್ಬೊನೇಟ್ ಗಡಸುತನ ನೋಡಲು ನೀಲಿ ಹಳದಿಯಾಗುವವರೆಗೆ ಹನಿ ಎಣಿಸಿದೆ, ಹದಿನಾಲ್ಕಾಯಿತು. ಅಂದಿನಿಂದ ಟೆಟ್ರಾ ಬಿಟ್ಟು ಗಪ್ಪಿ, ಮೋಲಿ ಸಾಕುತ್ತಿದ್ದೇನೆ. ಇಂಥ ನೀರು ಅವಕ್ಕೆ ಹೇಳಿಮಾಡಿಸಿದ್ದು.

ಬಣ್ಣ ನೋಡಲು ಬೆಳಗಿನ ಕಿಟಕಿಯೇ ಒಳ್ಳೆಯದು; ಹಳದಿ ಬಲ್ಬಿನಡಿ 20ಕ್ಕೂ 40ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ದ್ರವಗಳಲ್ಲಿ ಆಮ್ಲವಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ. ಇಡೀ ಪೆಟ್ಟಿಗೆ ದುಬಾರಿಯಾಯಿತು ಎನ್ನುವವರು ಅಮೋನಿಯಾದ ಬಿಡಿ ಕಿಟ್ ಒಂದನ್ನಾದರೂ ಮೀನು ತರುವ ಮೊದಲೇ ತನ್ನಿ.