ಮನೆ ಸಾಮಾನು ಹಾಳಾದಾಗ: ಸಹಾಯವಾಣಿ 1915, ಇನ್ಶೂರೆನ್ಸ್, ಗ್ರಾಹಕರ ಆಯೋಗ ಮೂರನ್ನೂ ನೋಡಿದ ಮೇಲೆ

ಪುಣೆಯಿಂದ ಹುಬ್ಬಳ್ಳಿಗೆ ಮನೆ ಶಿಫ್ಟ್ ಮಾಡಿದಾಗ ಪ್ಯಾಕರ್ಸ್‌ನವರ ಜೊತೆ ನನಗೆ ಎರಡು ತಕರಾರು ಬಂದವು. ಒಂದು, ಒಪ್ಪಿದ ರೇಟಿನ ಮೇಲೆ 6,000 ರೂಪಾಯಿ ಜಾಸ್ತಿ ಕೇಳಿದರು, ಕೊಡೋವರೆಗೂ ಲಾರಿ ಬಾಗಿಲು ತೆಗೆಯಲಿಲ್ಲ. ಇನ್ನೊಂದು, ಫ್ರಿಜ್ ಬಾಗಿಲು ನಗ್ಗಿತ್ತು, ಅಡುಗೆಮನೆಯ ಒಂದು ಬಾಕ್ಸ್ ಬರಲೇ ಇಲ್ಲ. ಎರಡಕ್ಕೂ ಒಂದೇ ಮದ್ದು ನಾಟಲಿಲ್ಲ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ನಂಬರ್ ಕೊಡುತ್ತಾರೆ, ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಜಾಸ್ತಿ ತೆಗೆದುಕೊಂಡ ದುಡ್ಡಿಗೆ ಇದೇ ಸಾಕಾಯಿತು. ವಾಟ್ಸಾಪ್‌ನಲ್ಲಿ ಬಂದ ಕೊಟೇಶನ್, ಯುಪಿಐ ರಸೀದಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವರಿಗೆ ವಾದ ಮಾಡೋಕೆ ಏನಿತ್ತು? ದುಡ್ಡು ವಾಪಸ್ ಬಂತು. ಫ್ರಿಜ್ ವಿಷಯಕ್ಕೆ ಮಾತ್ರ "ನಮ್ಮ ಪ್ಯಾಕಿಂಗ್ ಸರಿಯಾಗೇ ಇತ್ತು" ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡರು. ಸಹಾಯವಾಣಿ ಮಧ್ಯೆ ನಿಂತು ಮಾತಾಡಿಸುತ್ತದೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ.

ಇನ್ಶೂರೆನ್ಸ್ ಕಥೆ ಬೇಗ ಮುಗಿಯಿತು. ಬಿಲ್ಲಿನಲ್ಲಿ "ಇನ್ಶೂರೆನ್ಸ್ 3%" ಅಂತಿತ್ತು. ಪಾಲಿಸಿ ನಂಬರ್ ಕೇಳಿದೆ. ಆಮೇಲೆ ಗೊತ್ತಾಯಿತು, ಅದು ಎಫ್‌ಒವಿ (ಫ್ರೈಟ್ ಆನ್ ವ್ಯಾಲ್ಯೂ) ಅಂತೆ. ಅಂದರೆ ಸಾಗಿಸುವವರೇ ಕೊಡುವ ಭರವಸೆ, ಹಿಂದೆ ಯಾವ ವಿಮಾ ಕಂಪನಿಯೂ ಇಲ್ಲ. ನಿಜವಾದ ಪಾಲಿಸಿ ಇದ್ದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಆದರೆ ವಿಮಾ ಕಂಪನಿಯ ಹೆಸರಿರುವ ಕಾಗದ ಲಾರಿ ಹೊರಡೋ ಮುಂಚೆ ಕೈಯಲ್ಲಿರಬೇಕು. ಆಗಲೂ ಹೊರಗೆ ಏನೂ ಪೆಟ್ಟಾಗದೆ ಒಳಗಿನ ಮಷಿನ್ ಮಾತ್ರ ಕೆಟ್ಟರೆ ಸಾಮಾನ್ಯವಾಗಿ ಕ್ಲೈಮ್ ಸಿಗೋದಿಲ್ಲ.

ಪೊಲೀಸ್? ಸಾಮಾನು ಲಾರಿಯಲ್ಲೇ ಇಟ್ಟುಕೊಂಡು ದುಡ್ಡಿಗೆ ಪೀಡಿಸುವಾಗ 112 ಸರಿ. ಒಡೆದ ಸಾಮಾನಿಗೆ ಹೋದರೆ "ಇದು ಸಿವಿಲ್ ವಿಷಯ ಕಣ್ರೀ" ಅಂತ ಕಳಿಸೋದೇ ಹೆಚ್ಚು.

ಫ್ರಿಜ್‌ಗೆ, ಬಾಕ್ಸಿಗೆ ಕೊನೆಗೂ ಕೆಲಸ ಮಾಡಿದ್ದು ಜಿಲ್ಲಾ ಗ್ರಾಹಕರ ಆಯೋಗ, ಅಂದರೆ ಗ್ರಾಹಕರ ಕೋರ್ಟ್. ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಪುಣೆ ಕೋರ್ಟಿನಲ್ಲಿ ಮಾತ್ರ" ಅಂತ ಅಚ್ಚಾಗಿತ್ತು. ಅದಕ್ಕೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಧಾರವಾಡದಲ್ಲಿ ಕೊಟ್ಟೆ. ನಾವು ಕಂಪನಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಇ-ಜಾಗೃತಿ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ದೂರನ್ನು ಮನೆಯಿಂದಲೇ ಹಾಕಬಹುದು, ಸ್ಕ್ಯಾನ್ ಮಾಡಿ ಏರಿಸೋದು ಸ್ವಲ್ಪ ತಲೆನೋವು ಅಷ್ಟೇ. ಗಡುವು 2 ವರ್ಷ.

ಆದರೆ ಅದಕ್ಕೂ ಮುಂಚಿನ ಒಂದು ಗಡುವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕೇಸ್ ಹಾಕುವ ಮೊದಲು ನಷ್ಟದ ಬಗ್ಗೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟಿರಬೇಕು, ಅದೂ 180 ದಿನದೊಳಗೆ. ದಿನ ಎಣಿಸೋದು ಬುಕಿಂಗ್ ತಾರೀಖಿನಿಂದ, ಸಾಮಾನು ಬಂದ ತಾರೀಖಿನಿಂದ ಅಲ್ಲ. ಫೋನಿನಲ್ಲಿ ಎಷ್ಟು ಜಗಳ ಆಡಿದರೂ ಅದು ನೋಟಿಸ್ ಅಲ್ಲ. ನಾನು ಅಂಚೆಯಲ್ಲಿ ಕಳಿಸಿ, ತಲುಪಿದ ರುಜುವಾತು ಇಟ್ಟುಕೊಂಡೆ.

ನನ್ನ ಕೇಸಿನಲ್ಲಿ ತೂಕ ಬಂದಿದ್ದು ಒಂದು ಹಾಳೆಗೆ. ಇಳಿಸುವಾಗ ಸೂಪರ್‌ವೈಸರ್ ಐಟಂ ಲಿಸ್ಟ್ ಮುಂದೆ ಹಿಡಿದು "ಸರ್, ಸುಮ್ನೆ ಒಂದು ಸಹಿ" ಅಂದ. ಬಾಕ್ಸ್‌ಗಳಿನ್ನೂ ಬಿಚ್ಚಿರಲಿಲ್ಲ. ಸಹಿ ಮೇಲೆ "ಫ್ರಿಜ್ ಬಾಗಿಲು ನಗ್ಗಿದೆ, 14ನೇ ಬಾಕ್ಸ್ ಬಂದಿಲ್ಲ, ಉಳಿದದ್ದು ತೆರೆದು ನೋಡಿಲ್ಲ" ಅಂತ ಬರೆದೆ. ಅವನ ಮುಖ ಸಣ್ಣದಾಯಿತು. ಆ ಹಾಳೆ ಫೋಟೊ ದೂರಿನ ಜೊತೆ ಹೋಯಿತು.

ಉತ್ತರ ಕೊಡಲು ಕಂಪನಿಗೆ 30 ದಿನ, ಬೇಕಿದ್ದರೆ ಇನ್ನೂ 15. ಕಾಯ್ದೆಯಲ್ಲಿ 3 ತಿಂಗಳಲ್ಲಿ ತೀರ್ಮಾನ ಅಂತಿದ್ದರೂ ತಾರೀಖು ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಕಂಪನಿಯವರೇ ಬಾಗಿಲು ಬದಲಾಯಿಸಿದ ಬಿಲ್, ಬಾಕ್ಸಿನ ಬೆಲೆ ಎರಡಕ್ಕೂ ಒಪ್ಪಿ ರಾಜಿಗೆ ಬಂದರು. ಮಾನಸಿಕ ಯಾತನೆ ಅಂತ ಕೇಳಿದ್ದನ್ನು ನಾನು ಬಿಟ್ಟೆ.

ಖಾಯಂ ಜನತಾ ನ್ಯಾಯಾಲಯವೂ (ಪರ್ಮನೆಂಟ್ ಲೋಕ್ ಅದಾಲತ್) ಇದೆ. ರಸ್ತೆ ಮೇಲೆ ಸಾಮಾನು ಸಾಗಿಸುವುದು ಅದರ ವ್ಯಾಪ್ತಿಗೆ ಬರುತ್ತದೆ, ರಾಜಿ ಆಗದಿದ್ದರೆ ಅವರೇ ತೀರ್ಪು ಕೊಡಬಹುದು. ಆದರೆ ಅಲ್ಲಿ ಅಪೀಲು ಇಲ್ಲ. ಅಲ್ಲಿಗೆ ಅರ್ಜಿ ಹಾಕಿದ ಮೇಲೆ ಅದೇ ತಕರಾರನ್ನು ಬೇರೆ ಕೋರ್ಟಿಗೆ ಒಯ್ಯುವಂತೆಯೂ ಇಲ್ಲ. ಅದಕ್ಕೇ ನಾನು ಆಯೋಗ ಆರಿಸಿಕೊಂಡೆ.