ನಾಬ್ ತಿರುಗಿತು, ಉರಿ ಆರಲಿಲ್ಲ: ಮೂರು ಬರ್ನರ್ ಗಾಜಿನ ಒಲೆಯ ಜೊತೆ ಆರು ವರ್ಷ

ಈ ಒಲೆಗೆ ಮೊದಲ ವರ್ಷವೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು ಕೊಡುತ್ತಿದ್ದೇನೆ. ಹೋದ ಎರಡು ಸ್ಟಾರ್‌ಗೂ ಕಾರಣ ಒಂದೇ: ಉರಿಯುತ್ತಿದ್ದ ಬರ್ನರ್ ಆರಿಸಲು ಹೋದರೆ ಆರಲಿಲ್ಲ. ಒಲೆ ಹೊತ್ತದಿದ್ದರೆ ಬೇಜಾರು ಅಷ್ಟೇ, ಲೈಟರ್ ಬದಿಗಿಟ್ಟು ಬೆಂಕಿಕಡ್ಡಿ ಗೀರುತ್ತೇವೆ. ಹೊತ್ತಿದ್ದು ಆರದಿದ್ದರೆ ಕೈಕಾಲು ತಣ್ಣಗಾಗುತ್ತವೆ.

ಕಂಪನಿಯ ಹೆಸರು ಹೇಳುವುದಿಲ್ಲ. ಗಾಜಿನ ದಪ್ಪ, ಬರ್ನರ್ ಅಳತೆ ಎಲ್ಲ ಡಬ್ಬದ ಮೇಲೆ ಇರುತ್ತದೆ, ಅದನ್ನೂ ಬಿಡುತ್ತೇನೆ. ನಮ್ಮದು ಹಾಸನ. ಮನೆಯಲ್ಲಿ ಐದು ಜನ, ದುಡಿಯುವವರು ಒಬ್ಬರು. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದ ಒಲೆ ಹತ್ತು ವರ್ಷವಾದರೂ ಬರಬೇಕು ಅನ್ನುವ ಲೆಕ್ಕ ನಮ್ಮದು. ನನ್ನ ತೀರ್ಪಿನಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ಚೆನ್ನಾಗಿದೆ. ಬಲಗಡೆಯ ಚಿಕ್ಕ ಬರ್ನರ್ ಇದೆಯಲ್ಲ, ಅದರ ಸಿಮ್ ಉರಿಗೆ ನಾನು ಸೋತುಹೋಗಿದ್ದೇನೆ. ಸುತ್ತಲೂ ಒಂದೇ ಎತ್ತರದ ನೀಲಿ ಉರಿ. ಫ್ಯಾನಿನ ಗಾಳಿಗೂ ಸುಲಭಕ್ಕೆ ನಂದುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್‌ಗೆ ಬಿಸಿನೀರು ಹಾಕಿ, ಹಾಲನ್ನು ಈ ಬರ್ನರ್ ಮೇಲೆ ಸಿಮ್‌ನಲ್ಲಿ ಇಡುತ್ತೇನೆ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಹಾಲು ಅಂಚಿನಲ್ಲಿ ಸಣ್ಣಗೆ ನೊರೆ ಕಟ್ಟಿರುತ್ತದೆ. ಅಷ್ಟರಲ್ಲಿ ಅಂಗಳ ಗುಡಿಸಿ ಬರಬಹುದು. ಹದಿನೈದು ದಿನಕ್ಕೊಮ್ಮೆ ಕೆನೆ ಕಡೆದು ಬೆಣ್ಣೆ ತೆಗೆದಾಗ ತುಪ್ಪ ಕಾಯುವುದೂ ಇದೇ ಬರ್ನರ್ ಮೇಲೆ. ಬೆಣ್ಣೆಯ ಚಟಪಟ ನಿಂತು, ತಳದ ಗಸಿ ಕಂದು ಬಣ್ಣಕ್ಕೆ ತಿರುಗಿ, ಒಂದು ವೀಳ್ಯದೆಲೆ ಹಾಕಿ ಇಳಿಸುವವರೆಗೂ ಉರಿ ಒಂದೇ ಸಮ. ಹಳೆಯ ಸ್ಟೀಲ್ ಒಲೆಯಲ್ಲಿ ಸಿಮ್ ಅಂದರೆ ಅರ್ಧ ಬರ್ನರ್ ಉರಿದು ಇನ್ನರ್ಧ ನಂದಿರುತ್ತಿತ್ತು. ತುಪ್ಪ ಒಂದು ಕಡೆ ಸೀದು ಹೋಗುತ್ತಿತ್ತು.

ದೊಡ್ಡ ಬರ್ನರ್‌ನದು ಬೇರೆ ಕಥೆ. ರಾತ್ರಿಯ ಮುದ್ದೆ ಅಲ್ಲೇ ಆಗಬೇಕು. ಎಸರು ಬೇಗ ಕುದಿಯುತ್ತದೆ, ಅದರಲ್ಲಿ ದೂರಿಲ್ಲ. ಆದರೆ ನಮ್ಮ ಮುದ್ದೆ ಪಾತ್ರೆ ಅಗಲ. ಕೆಳಗಿನಿಂದ ಬರುವ ಉರಿ ಪಾತ್ರೆಯ ತಳಕ್ಕೆ ತಾಗಿ ಹೊರಗೆ ಹರಡಿಕೊಳ್ಳುತ್ತದೆ, ಆ ಬಿಸಿಯೆಲ್ಲ ಮುಂದಿನ ನಾಬ್‌ಗಳ ಕಡೆಗೇ ಬರುತ್ತದೆ. ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ ಕೋಲಿನಲ್ಲಿ ತಿರುವುತ್ತೇವೆ. ಗಾಜಿನ ಒಲೆಯ ಮೇಲೆ ಆ ಜೋರು ಹಾಕುವ ಧೈರ್ಯ ನಮಗೆ ಯಾವತ್ತೂ ಬಂದಿಲ್ಲ. ಇಳಿಸಿ, ಉರಿ ಆರಿಸಲು ನಾಬ್ ಹಿಡಿದರೆ ಬೆರಳಿಗೆ ಚುರ್ ಅನ್ನುವಷ್ಟು ಬಿಸಿ. ದಿನಾ ಇಷ್ಟು ಬಿಸಿ ತಿನ್ನುವ ಜಾಗದಲ್ಲಿ ಕಂಪನಿಯವರು ಪ್ಲಾಸ್ಟಿಕ್ ನಾಬ್ ಇಟ್ಟಿದ್ದಾರೆ. ತೊಂದರೆಯ ಬೇರು ಇಲ್ಲೇ ಇತ್ತು.

ನಾಲ್ಕನೇ ವರ್ಷದ ಒಂದು ಸಂಜೆ ಅತ್ತೆ ಕರೆದರು. "ಬಾರಮ್ಮ ಇಲ್ಲಿ, ಇದು ಆರ್ತಾನೇ ಇಲ್ಲ ನೋಡು." ಬೇಳೆ ಬೆಂದಿತ್ತು, ಕುಕ್ಕರ್ ಇಳಿಸಿದ್ದರು, ದೊಡ್ಡ ಬರ್ನರ್ ಪೂರ್ತಿ ಉರಿಯುತ್ತಿತ್ತು. ನಾಬ್ ಎಷ್ಟು ಸುತ್ತು ಬೇಕಾದರೂ ತಿರುಗುತ್ತಿತ್ತು, ಬಿಗಿಯೇ ಇಲ್ಲ. ಉರಿ ಒಂದು ಚೂರೂ ಕದಲಲಿಲ್ಲ. ಮಗಳು ಊದಲು ಬಾಗಿದಳು. ಅತ್ತೆ ಅವಳ ಭುಜ ಹಿಡಿದು ಹಿಂದೆ ಎಳೆದರು. ನಾನು ಕಟ್ಟೆ ಕೆಳಗಿನ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿದೆ. ಪೈಪಿನಲ್ಲಿ ಉಳಿದಿದ್ದ ಗ್ಯಾಸ್ ಕೆಲವು ಸೆಕೆಂಡ್ ಉರಿದು, ಉರಿ ಕುಗ್ಗಿ, ತಾನಾಗಿ ಆರಿತು.

ಈ ವಿಮರ್ಶೆಯಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಂಡು ಹೋಗಿ. ಬರ್ನರ್ ಆರದಿದ್ದರೆ ಊದಬೇಡಿ, ನೀರು ಚಿಮುಕಿಸಬೇಡಿ, ಒದ್ದೆ ಬಟ್ಟೆ ಮುಚ್ಚಬೇಡಿ. ಉರಿಯುತ್ತಿರುವ ತನಕ ಗ್ಯಾಸ್ ಸುಟ್ಟುಹೋಗುತ್ತಿರುತ್ತದೆ. ಊದಿ ಆರಿಸಿದರೆ ಅದೇ ಗ್ಯಾಸ್ ಸುಡದೆ ಮನೆಯೊಳಗೆ ತುಂಬುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ, ಕಟ್ಟೆ ಕೆಳಗೆ, ಮೂಲೆಯಲ್ಲಿ ಕೂರುತ್ತದೆ. ಕೈ ಹೋಗಬೇಕಾದ್ದು ರೆಗ್ಯುಲೇಟರ್‌ಗೆ. ಅದಕ್ಕೇ ಅದರ ಮುಂದೆ ಅಕ್ಕಿ ಡಬ್ಬ, ಎಣ್ಣೆ ಕ್ಯಾನ್ ಜೋಡಿಸಿಡಬಾರದು. ಅಕಸ್ಮಾತ್ ಉರಿ ಆಗಲೇ ನಂದಿ ವಾಸನೆ ಬರುತ್ತಿದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಜೊತೆಗೆ ಬಾಗಿಲನ್ನೂ ತೆಗೆಯಿರಿ. ಲೈಟು, ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಗ್ಯಾಸ್ ಸೋರಿಕೆಗೆ ಎಲ್ಲ ಕಂಪನಿಗೂ ಸೇರಿ 1906 ಅನ್ನುವ ಒಂದೇ ನಂಬರ್ ಇದೆ. ಹೊರಗೆ ಬಂದು ಅದಕ್ಕೆ ಫೋನ್ ಮಾಡಿ.

ಒಲೆ ತಣ್ಣಗಾದ ಮೇಲೆ ನಾಬ್ ಎಳೆದು ತೆಗೆದು ನೋಡಿದೆವು. ಒಳಗಿನ ಕಡ್ಡಿ ಪೂರ್ತಿ ದುಂಡಗಿರುವುದಿಲ್ಲ, ಒಂದು ಬದಿ ಚಪ್ಪಟೆ. ನಾಬ್‌ನ ರಂಧ್ರವೂ ಅದೇ ಆಕಾರ. ಆ ಚಪ್ಪಟೆ ಬದಿ ಹಿಡಿದುಕೊಂಡರೆ ಮಾತ್ರ ನಾಬ್ ಜೊತೆ ಕಡ್ಡಿ ತಿರುಗುತ್ತದೆ. ನಮ್ಮದರಲ್ಲಿ ರಂಧ್ರದ ಸುತ್ತ ಪ್ಲಾಸ್ಟಿಕ್ ಸೀಳಿ ಅಗಲವಾಗಿತ್ತು. ಹಾಗಾಗಿ ನಾಬ್ ಒಂದೇ ತಿರುಗುತ್ತಿತ್ತು, ಕಡ್ಡಿ ಇದ್ದಲ್ಲೇ ಇತ್ತು. ನಮ್ಮವರು ಕಟಿಂಗ್ ಪ್ಲೇಯರ್‌ನಲ್ಲಿ ಕಡ್ಡಿ ಹಿಡಿದು ಒತ್ತಿ ತಿರುಗಿಸಿ ಮುಚ್ಚಿದರು. ಪೇಟೆಯಲ್ಲಿ ಮೂರು ನಾಬ್‌ನ ಸೆಟ್‌ಗೆ ಇನ್ನೂರು ರೂಪಾಯಿ ಆಸುಪಾಸು ಆಯಿತು. ಹೊಸ ನಾಬ್ ಹಾಕಿದ ಮೇಲೆ ಮತ್ತೆ ಮೊದಲಿನ ಹಾಗೆ. ಸಿಮ್‌ನಿಂದ ಆಫ್‌ಗೆ ಬರುವಾಗ ಉರಿ ಒಮ್ಮೆ ಜೋರಾಗಿ, ಆಮೇಲೆ ಟಕ್ ಅಂತ ಆರಿ, ನಾಬ್ ಮೇಲಕ್ಕೆ ಪುಟಿದು ನಿಲ್ಲುತ್ತಿತ್ತು. ಆ ಪುಟಿಯುವುದು ಮುಖ್ಯ. ಒಳಗಿನ ಸ್ಪ್ರಿಂಗ್ ಕಡ್ಡಿಯನ್ನು ಮೇಲೆತ್ತಿ ಲಾಕ್ ಮಾಡಿತು ಎಂದು ಅದರಿಂದಲೇ ತಿಳಿಯುವುದು.

ಇಷ್ಟಕ್ಕೇ ಮುಗಿದಿದ್ದರೆ ನಾಲ್ಕು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಆರನೇ ವರ್ಷದಲ್ಲಿ ಅದೇ ದೊಡ್ಡ ಬರ್ನರ್ ಬೇರೆ ರೀತಿ ಕೈಕೊಟ್ಟಿತು. ಮೊದಮೊದಲು ನಾಬ್ ಬಿಗಿಯಾಯಿತು, ಎರಡು ಕೈ ಬೇಕಾಗುತ್ತಿತ್ತು. ಆಮೇಲೆ ಒಂದು ರಾತ್ರಿ ನಾಬ್ ಆಫ್‌ನಲ್ಲೇ ಇದ್ದರೂ ಬರ್ನರ್‌ನ ಕಣ್ಣುಗಳಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಉರಿ ಉಳಿದುಕೊಂಡಿತ್ತು. ದೀಪ ಹಾಕಿದ್ದಾಗ ಕಾಣುತ್ತಲೇ ಇರಲಿಲ್ಲ. ಕರೆಂಟ್ ಹೋಗಿ ಕತ್ತಲಾಗಿದ್ದರಿಂದ ಕಂಡಿತು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಆರಿದೆ ಅಂದುಕೊಂಡು ಮಲಗಿಬಿಡಬಹುದು. ಅತ್ತೆಗೆ ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡುವ ಅಭ್ಯಾಸ. ಒಂದು ದಿನವೂ ತಪ್ಪಿಸಿದವರಲ್ಲ. ಅದು ನಮ್ಮನ್ನು ಕಾಪಾಡಿತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನನ್ನ ಸಿಟ್ಟು ಇಲ್ಲಿಯದು. ವಾರಂಟಿ ಮುಗಿದಿದೆ ಅಂದರು, ಅದು ನ್ಯಾಯವೇ. ದುಡ್ಡು ಕೊಡುತ್ತೇನೆ, ನಾಬ್‌ನ ಹಿಂದೆ ಗ್ಯಾಸ್ ಬಿಡುವ, ತಡೆಯುವ ವಾಲ್ವ್ ಬದಲಿಸಿಕೊಡಿ ಅಂದೆ. ಈ ಮಾಡೆಲ್ ಈಗ ಬರುತ್ತಿಲ್ಲ, ಹೊಸ ಒಲೆ ತಗೊಳ್ಳಿ, ಎಕ್ಸ್‌ಚೇಂಜ್ ಆಫರ್ ಇದೆ ಅಂದರು. ಬರ್ನರ್ ಹಿತ್ತಾಳೆಯದು, ಇನ್ನೂ ಗಟ್ಟಿ. ಗಾಜಿನಲ್ಲಿ ಒಂದು ಗೀರೂ ಇಲ್ಲ. ಒಂದು ಗೇಣೂ ಇಲ್ಲದ ವಾಲ್ವ್‌ಗೋಸ್ಕರ ಇಡೀ ಒಲೆ ಬಿಸಾಕಬೇಕಾ? ಗ್ಯಾಸ್ ಸೋರುತ್ತಿದೆ ಅಂದಾಗ ಮೊದಲು ಬಳಸುವುದು ನಿಲ್ಲಿಸಿ, ರೆಗ್ಯುಲೇಟರ್ ಮುಚ್ಚಿ ಎಂದು ಹೇಳಬೇಕಿತ್ತು. ಆ ಮಾತನ್ನು ಅವರು ಹೇಳಲೇ ಇಲ್ಲ. ಒಲೆ ಮಾರುವವರಿಗೆ ಇಷ್ಟಾದರೂ ಕಾಳಜಿ ಇರಬೇಕು.

ಕೊನೆಗೆ ಬಂದವರು ನಮ್ಮ ಬೀದಿಯ ಕಡೆ ಕುಕ್ಕರ್, ಸ್ಟೌ ರಿಪೇರಿ ಮಾಡುವ ಯಜಮಾನರು. ಒಲೆಯ ಪೈಪು ಕಳಚಿ, ಗಾಜಿನ ಕೆಳಗೆ ದಪ್ಪ ಟವೆಲ್ ಹಾಸಿ, ಬೋರಲು ಹಾಕಿದರು. ಪಕ್ಕದಲ್ಲಿ ಕೂತು ಪೂರ್ತಿ ನೋಡಿದೆ. ವಾಲ್ವ್‌ನ ತಲೆಯ ಎರಡು ಸ್ಕ್ರೂ ಬಿಚ್ಚಿದರೆ ಸ್ಪ್ರಿಂಗ್ ಬರುತ್ತದೆ, ಅದರ ಕೆಳಗೆ ಹಿತ್ತಾಳೆಯ ಒಂದು ಚೂಪು ತುಂಡು. ಸೀಸೆಗೆ ಬಿರಡೆ ಕೂತ ಹಾಗೆ ಅದು ವಾಲ್ವ್‌ನೊಳಗೆ ಬಿಗಿಯಾಗಿ ಕೂತಿರುತ್ತದೆ. ಅದರಲ್ಲೊಂದು ತೂತು. ತೂತು ಗ್ಯಾಸ್ ಬರುವ ದಾರಿಗೆ ಸರಿಯಾಗಿ ನಿಂತರೆ ಉರಿ, ಕಾಲು ಸುತ್ತು ತಿರುಗಿ ಮೈ ಅಡ್ಡ ಬಂದರೆ ಬಂದ್. ನಡುವೆ ತೆಳ್ಳಗೆ ಗ್ರೀಸ್ ಇರಬೇಕು. ಸರಾಗವಾಗಿ ತಿರುಗಲೂ ಅದೇ, ಗ್ಯಾಸ್ ನುಸುಳದಂತೆ ತಡೆಯಲೂ ಅದೇ. ನಮ್ಮದರಲ್ಲಿ ಗ್ರೀಸ್ ಬಿಸಿಗೆ ಒಣಗಿ ಕಪ್ಪು ಚಕ್ಕೆಯಾಗಿತ್ತು. ಉಕ್ಕಿದ ಹಾಲು, ಸಾರು ಕಡ್ಡಿಯ ಸಂದಿಯಿಂದ ಇಳಿದು ಒಳಗೆ ಅಂಟು ಹಿಡಿದಿತ್ತು. ಆ ಚಕ್ಕೆಗಳು ಉಜ್ಜಿ ಉಜ್ಜಿ ಹಿತ್ತಾಳೆಯ ಮೈಮೇಲೆ ಗೆರೆ ಬಿದ್ದಿದ್ದವು. ಉಗುರಿನಲ್ಲಿ ಸವರಿದರೆ ತಾಗುತ್ತಿತ್ತು.

"ಗೆರೆ ಇಲ್ದೆ ಇದ್ರೆ ಒರೆಸಿ ಗ್ರೀಸ್ ಹಾಕಿ ಕೊಡ್ತಿದ್ದೆ ಅಕ್ಕ. ಇದು ಮತ್ತೆ ಸೋರುತ್ತೆ, ಬದಲಾಯಿಸಿಬಿಡಿ" ಅಂದರು. ಬದಲಾಯಿಸಿದರು. ವಾಲ್ವ್, ಕೂಲಿ, ಉಳಿದ ಎರಡು ವಾಲ್ವ್‌ಗೆ ಹೊಸ ಗ್ರೀಸ್, ಎಲ್ಲ ಸೇರಿ ಏಳುನೂರರ ಒಳಗೇ ಮುಗಿಯಿತು. ಈ ಗ್ರೀಸ್ ಗಾಡಿ ಚೈನಿಗೆ ಹಚ್ಚುವುದಲ್ಲ, ಬಿಸಿ ತಡೆಯುವ ಗ್ಯಾಸ್ ವಾಲ್ವ್ ಗ್ರೀಸ್ ಎಂದೇ ಬೇರೆ ಬರುತ್ತದೆ. ಜಾಸ್ತಿ ಬಳಿದರೆ ಆ ಸಣ್ಣ ತೂತೇ ಮುಚ್ಚಿಹೋಗುತ್ತದಂತೆ, ಬೆರಳ ತುದಿಯಲ್ಲಿ ಸವರಿದಷ್ಟು ಸಾಕು. ನಾಬ್ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಎರಡು ದಿನ ಸಲೀಸಾಗಿ ತಿರುಗುತ್ತದೆ, ಆಮೇಲೆ ಎಣ್ಣೆ ಸುಟ್ಟು ಇನ್ನೂ ಬಿಗಿ ಹಿಡಿಯುತ್ತದೆ.

ಅವರು ಪರೀಕ್ಷೆ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಮೂರೂ ನಾಬ್ ಆಫ್‌ನಲ್ಲಿಟ್ಟು ರೆಗ್ಯುಲೇಟರ್ ಆನ್ ಮಾಡಿಸಿದರು. ಸೋಪಿನ ನೊರೆಯನ್ನು ಪ್ರತಿ ಜೋಡಣೆಗೂ, ಗ್ಯಾಸ್ ಹೊರಡುವ ಜೆಟ್‌ನ ಬಾಯಿಗೂ ಹಚ್ಚಿ ಕಾದರು. ಗುಳ್ಳೆ ದೊಡ್ಡದಾದರೆ ಸೋರುತ್ತಿದೆ ಎಂದು ಅರ್ಥ. ಒಂದೂ ಏಳಲಿಲ್ಲ. ಹೋಗುವ ಮುಂಚೆ ಕಿತ್ತಳೆ ಬಣ್ಣದ ಪೈಪಿನ ಮೇಲಿನ ವರ್ಷ ತೋರಿಸಿ, ಐದು ವರ್ಷ ದಾಟಿದೆ, ಏಜೆನ್ಸಿಯಲ್ಲಿ ಸುರಕ್ಷಾ ಪೈಪ್ ಕೇಳಿ ಹಾಕಿಸಿಕೊಳ್ಳಿ ಅಂದರು. ಮಾರನೇ ದಿನವೇ ಹಾಕಿಸಿದೆವು.

ಈಗ ಒಲೆ ಮೇಲಿನ ಸಿಟ್ಟು ಇಳಿದಿದೆ, ನಿಜ ಹೇಳಬೇಕೆಂದರೆ. ಒಳಗನ್ನು ಒಮ್ಮೆ ನೋಡಿದ ಮೇಲೆ ಅದರ ಮೇಲೆ ಒಂದು ಥರ ಸಲಿಗೆ ಬಂದಿದೆ. ಚಿಕ್ಕ ಬರ್ನರ್‌ನ ಸಿಮ್ ಇವತ್ತಿಗೂ ಮೊದಲ ದಿನದ ಹಾಗೇ ಇದೆ. ಅಗಲ ಪಾತ್ರೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇಡುತ್ತೇವೆ. ಹಾಲು ಉಕ್ಕಿದರೆ ಒಲೆ ತಣ್ಣಗಾದ ಕೂಡಲೇ ನಾಬ್ ತೆಗೆದು ಕಡ್ಡಿಯ ಬುಡ ಒರೆಸುತ್ತೇನೆ. ಅಲ್ಲಿ ನೀರು ಹುಯ್ದು ತೊಳೆಯುವುದಿಲ್ಲ.

ಹೊಸ ಒಲೆ ಕೊಳ್ಳುವವರು ಅಂಗಡಿಯಲ್ಲಿ ಗಾಜಿನ ಹೊಳಪು ನೋಡುತ್ತಾ ನಿಲ್ಲಬೇಡಿ. ನಾಬ್ ಕಿತ್ತು ಒಳಗೆ ನೋಡಿ, ಕಡ್ಡಿ ಕೂರುವ ಜಾಗದಲ್ಲಿ ಲೋಹದ ತುಂಡು ಇದೆಯಾ, ಬರೀ ಪ್ಲಾಸ್ಟಿಕ್ಕಾ? ಒತ್ತಿ ತಿರುಗಿಸಿ ಬಿಟ್ಟರೆ ಆಫ್‌ನಲ್ಲಿ ಮೇಲಕ್ಕೆ ಪುಟಿಯುತ್ತದಾ? ನಿಮ್ಮ ಮನೆಯ ಅತಿ ಅಗಲದ ಪಾತ್ರೆ ಇಟ್ಟರೆ ಅದರ ಅಂಚು ನಾಬ್‌ನ ಮೇಲೆ ಬರುತ್ತದಾ? ವಾಲ್ವ್ ಬಿಡಿಯಾಗಿ ಸಿಗುತ್ತದಾ, ಎಷ್ಟು ವರ್ಷ ಸಿಗುತ್ತದೆ? ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ದಿನಾ ಮುದ್ದೆ, ದೊಡ್ಡ ಅಡುಗೆ ಮಾಡುವ ಮನೆಗೆ ಇಂಥ ಒಲೆ ನಾನು ಹೇಳುವುದಿಲ್ಲ. ಇಬ್ಬರು ಮೂವರಿದ್ದು, ಚಿಕ್ಕ ಪಾತ್ರೆಯಲ್ಲಿ ಅಡುಗೆ ಮುಗಿಯುವುದಾದರೆ ಚಿಕ್ಕ ಬರ್ನರ್‌ಗೋಸ್ಕರವೇ ತಗೊಳ್ಳಬಹುದು. ಒಲೆಯ ಜೊತೆಗೇ ಒಂದು ನಾಬ್ ಸೆಟ್ ಜಾಸ್ತಿ ತಂದಿಡಿ. ಮಾಡೆಲ್ ನಿಂತುಹೋದ ಮೇಲೆ ಅದಕ್ಕೆ ಸರಿಹೊಂದುವುದು ಹುಡುಕುವುದು ಕಷ್ಟ.