ಟ್ಯಾಂಕಿನ ಪಾಚಿಗೆ ಯಾವ ಮದ್ದು: ಕತ್ತಲೆ, ಪೆರಾಕ್ಸೈಡ್, ಸೀಗಡಿ, ಟೈಮರ್

ಗಿಡ ನೆಟ್ಟ ಟ್ಯಾಂಕಿಗೆ ಪಾಚಿ ಬಂತು ಅಂದ್ರೆ ಸಾಕು, ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಲೈಟ್ ಆರಿಸಿ ಮುಚ್ಚಿಡಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಸೀಗಡಿ ಬಿಡಿ. ಬೆಂಗಳೂರಿನ ನಮ್ಮ ಮನೆಯಲ್ಲಿರುವುದು ಎರಡಡಿಯ ಟ್ಯಾಂಕು, ಹೆಚ್ಚುಕಮ್ಮಿ 55 ಲೀಟರ್ ನೀರು ಹಿಡಿಯುತ್ತದೆ. ಈ ಎಲ್ಲ ಮದ್ದನ್ನೂ ಅದರಲ್ಲಿ ಮಾಡಿ ನೋಡಿದ್ದೇನೆ. ಯಾವುದೂ ಸುಳ್ಳಲ್ಲ. ಆದರೆ ಒಂದು ಪಾಚಿಗೆ ನಾಟಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಬಂದಿರುವುದು ಯಾವ ಪಾಚಿ ಅಂತ ಮೊದಲು ನೋಡಿಕೊಳ್ಳಬೇಕು.

ಹೊಸ ಟ್ಯಾಂಕಿನ ಮೊದಲ ವಾರಗಳಲ್ಲಿ ಗಾಜು, ಎಲೆ, ಮರಳಿನ ಮೇಲೆ ಕೂರುವ ಕಂದು ಪುಡಿಗೆ ಯಾವ ಮದ್ದೂ ಬೇಡ. ಅದು ಡಯಾಟಮ್. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಟ್ಯಾಂಕ್ ಹಳತಾದ ಹಾಗೆ ತಾನೇ ನಿಲ್ಲುತ್ತದೆ.

ಮೊದಲು ಕತ್ತಲೆ. ಲೈಟ್ ಆರಿಸಿ, ಟ್ಯಾಂಕಿಗೆ ಸುತ್ತಲೂ ದಪ್ಪ ಬಟ್ಟೆ ಹೊದಿಸಿ ಮೂರು ನಾಲ್ಕು ದಿನ ಬಿಡುವುದು. ಇದಕ್ಕೆ ಖರ್ಚಿಲ್ಲ. ಹಾಳೆಯ ಹಾಗೆ ಒಟ್ಟಿಗೆ ಎದ್ದು ಬರುವ, ಕೆಟ್ಟ ವಾಸನೆಯ ನೀಲಿ-ಹಸಿರು ಲೋಳೆ ಇರುತ್ತಲ್ಲ, ಅದಕ್ಕೆ ಇದು ನಿಜಕ್ಕೂ ಒಳ್ಳೆಯ ಮದ್ದು. ಆ ಲೋಳೆ ಅಸಲಿಗೆ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಆದಷ್ಟನ್ನು ಮೊದಲೇ ಪೈಪಿನಲ್ಲಿ ಎಳೆದು ತೆಗೆದು, ಆಮೇಲೆ ಮುಚ್ಚಬೇಕು. ಸತ್ತ ಲೋಳೆ ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ಅದಕ್ಕೇ ಏರ್ ಪಂಪ್ ಓಡುತ್ತಲೇ ಇರಲಿ, ಬಟ್ಟೆ ತೆಗೆದ ದಿನವೇ ಅರ್ಧ ನೀರು ಬದಲಿಸಿ. ಗಿಡಗಳಲ್ಲಿ ಅನುಬಿಯಾಸ್, ಜಾವಾ ಫರ್ನ್ ಕತ್ತಲೆಗೆ ಜಗ್ಗುವುದಿಲ್ಲ. ರೊಟಾಲಾ ಸೊರಗುತ್ತದೆ, ಬುಡದ ಎಲೆ ಉದುರಿಸುತ್ತದೆ.

ನೀರೇ ಹಸಿರಾಗಿದ್ದರೂ ಕತ್ತಲೆ ಕೆಲಸ ಮಾಡುತ್ತದೆ. ಆದರೆ ಅಲ್ಲಿ ನನ್ನ ಆಯ್ಕೆ ಯುವಿ, ಅಂದ್ರೆ ಅತಿನೇರಳೆ ಬೆಳಕಿನ ದೀಪ. ನೀರಿನಲ್ಲಿ ತೇಲುವ ಪಾಚಿಯ ಕಣಗಳು ಯುವಿ ದೀಪದ ಮುಂದೆ ಹಾದುಹೋಗುವಾಗ ಸಾಯುತ್ತವೆ, ಕೆಲವೇ ದಿನಗಳಲ್ಲಿ ನೀರು ತಿಳಿಯಾಗುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ. ಆದರೆ ಎಲೆಗೆ, ಗಾಜಿಗೆ ಅಂಟಿದ ಪಾಚಿಗೆ ಯುವಿಯಿಂದ ಏನೂ ಪ್ರಯೋಜನವಿಲ್ಲ. ಅದಕ್ಕಾಗಿ ದುಡ್ಡು ಹಾಕಬೇಡಿ.

ಇನ್ನು ಎಲ್ಲರನ್ನೂ ಅಳಿಸುವ ಕಪ್ಪು ಗಡ್ಡದ ಪಾಚಿ. ಅನುಬಿಯಾಸ್ ಎಲೆಯ ಅಂಚಿನಲ್ಲಿ, ಫಿಲ್ಟರ್ ನೀರು ಬೀಳುವ ಕಡೆ, ಮರದ ತುಂಡಿನ ಮೇಲೆ ಕುಚ್ಚು ಕುಚ್ಚಾಗಿ ಬೆಳೆಯುತ್ತದೆ. ಉಜ್ಜಿದರೆ ಎಲೆ ಹರಿಯುತ್ತದೆಯೇ ಹೊರತು ಪಾಚಿ ಬರುವುದಿಲ್ಲ. ಕತ್ತಲೆಗೂ ಇದು ಬಗ್ಗುವುದಿಲ್ಲ. ಇದಕ್ಕೆ ಪೆರಾಕ್ಸೈಡನ್ನೂ, ಗಿಡಕ್ಕೆ ಇಂಗಾಲ ಕೊಡುತ್ತದೆ ಅಂತ ಮಾರುವ ಲಿಕ್ವಿಡ್ ಕಾರ್ಬನ್ನನ್ನೂ ಹೋಲಿಸಿ ನೋಡಿದೆ. ಪೆರಾಕ್ಸೈಡ್ ಗೆದ್ದಿತು.

ಆದರೆ ಬಾಟಲಿಯನ್ನು ಸರಿಯಾಗಿ ಓದಿ. ಹೊರದೇಶದವರು ಹೇಳುವ ಅಳತೆಯೆಲ್ಲ 3% ದ್ರಾವಣದ್ದು. ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು 6%, ಲೇಬಲ್ಲಿನಲ್ಲಿ 20 ವಾಲ್ಯೂಮ್ ಅಂತ ಇರುತ್ತದೆ. ಅಷ್ಟೇ ಪ್ರಮಾಣದ ನೀರು ಬೆರೆಸಿದರೆ 3% ಆಗುತ್ತದೆ. ಒಂದು ಸಲಕ್ಕೆ 4 ಲೀಟರ್ ಟ್ಯಾಂಕ್ ನೀರಿಗೆ ಈ 3% ದ್ರಾವಣ 1 ಮಿಲಿ, ಅದಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದುಕೊಂಡು, ತುದಿಯನ್ನು ಕುಚ್ಚಿನ ಹತ್ತಿರ ಹಿಡಿದು ನಿಧಾನವಾಗಿ ಬಿಡಬೇಕು. ಕೂಡಲೇ ಎಲೆಯಂಚಿನಿಂದ ಸಣ್ಣ ಗುಳ್ಳೆಗಳು ದಾರ ಕಟ್ಟಿದ ಹಾಗೆ ಮೇಲೇಳುತ್ತವೆ. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಎರಡು ಮೂರು ದಿನದಲ್ಲಿ ಕಪ್ಪು ಕುಚ್ಚು ಕೆಂಪಾಗುತ್ತದೆ, ಆಮೇಲೆ ತಿಳಿ ಗುಲಾಬಿ, ಕೊನೆಗೆ ಬಿಳಿ. ಕಣ್ಣಿಗೆ ಕಪ್ಪಾಗಿ ಕಂಡರೂ ಅದು ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಸತ್ತಾಗ ಒಳಗಿನ ಕೆಂಪು ಹೊರಗೆ ಕಾಣುತ್ತದೆ. ಕೆಂಪಾಯಿತು ಅಂದ್ರೆ ಕೆಲಸ ಆಯಿತು. ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಅಷ್ಟೇ ಆಗುತ್ತದೆ, ಟ್ಯಾಂಕಿನಲ್ಲಿ ಬೇರೇನೂ ಉಳಿಯುವುದಿಲ್ಲ. ನನಗೆ ಇದು ಬಹಳ ಹಿಡಿಸಿದ ಗುಣ. ಜಾವಾ ಮಾಸ್ ಮೇಲೆ ಮಾತ್ರ ಬಿಡಬೇಡಿ, ಸುಟ್ಟುಹೋಗುತ್ತದೆ.

ಲಿಕ್ವಿಡ್ ಕಾರ್ಬನ್ ಹೆಸರಿನಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಇರುವುದು ಗ್ಲುಟರಾಲ್ಡಿಹೈಡ್. ಆಸ್ಪತ್ರೆಯಲ್ಲಿ ಉಪಕರಣಗಳ ಸೋಂಕು ತೆಗೆಯಲು ಬಳಸುವ ರಾಸಾಯನಿಕ. ಗಡ್ಡದ ಪಾಚಿಯನ್ನು ಇದೂ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ದಿನಾ ಹಾಕುತ್ತಿರಬೇಕು, ವ್ಯಾಲಿಸ್ನೇರಿಯಾ ಗಿಡ ಕರಗಿಹೋಗುತ್ತದೆ, ಕೈಗೆ ಗ್ಲೌಸ್ ಬೇಕು, ಅದರ ಆವಿ ಕುಡಿಯಬಾರದು. ಮಕ್ಕಳಿರುವ ಮನೆಯಲ್ಲಿ ಅಂಥ ಬಾಟಲಿ ಯಾಕೆ ಬೇಕು?

ಜೀವಿಗಳ ವಿಷಯಕ್ಕೆ ಬಂದರೆ ನೂಲಿನಂಥ ಪಾಚಿಗೆ ಅಮಾನೋ ಸೀಗಡಿಯನ್ನು ಮೀರಿಸುವುದು ಇಲ್ಲ. ಜಪಾನಿನ ತಕಾಶಿ ಅಮಾನೋ ಗಿಡದ ಟ್ಯಾಂಕುಗಳಲ್ಲಿ ಇದನ್ನು ಬಳಸಿ ತೋರಿಸಿದ್ದರಿಂದ ಅವರ ಹೆಸರೇ ನಿಂತಿತು. ಇದರ ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು. ಹಾಗಾಗಿ ಮನೆ ಟ್ಯಾಂಕಿನಲ್ಲಿ ಸಂಖ್ಯೆ ಏರುವುದಿಲ್ಲ, ಬೆಲೆಯೂ ಜಾಸ್ತಿ. ಚೆರ್ರಿ ಸೀಗಡಿ ಅಗ್ಗ, ಮನೆಯಲ್ಲೇ ಮರಿ ಹಾಕುತ್ತದೆ, ಆದರೆ ತಿನ್ನುವುದು ಅಷ್ಟಕ್ಕಷ್ಟೆ. ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆಗೆ ನೆರೈಟ್ ಬಸವನಹುಳು ಒಳ್ಳೆಯದು. ಮರದ ಮೇಲೆ ಬಿಳಿ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಿನಲ್ಲಿ ಅವು ಮರಿಯಾಗುವುದಿಲ್ಲ.

ಮೀನಿನಲ್ಲಿ ಸಯಾಮೀಸ್ ಆಲ್ಗೀ ಈಟರ್ ಒಂದನ್ನೇ ನಾನು ಹೇಳುವುದು. ಅದರ ಮೈಮೇಲಿನ ಕಪ್ಪು ಪಟ್ಟಿ ಬಾಲದ ತುದಿಯವರೆಗೂ ಹೋಗಿರಬೇಕು, ಹಾಗೆ ನೋಡಿ ಕೊಳ್ಳಿ. ಅಂಗಡಿಯಲ್ಲಿ ಸುಮ್ನೆ ಆಲ್ಗೀ ಈಟರ್ ಅಂತ ಕೊಡುವ ಹಳದಿ ಮೀನು ಬೇರೆ. ಅದು ಬೆಳೆದ ಮೇಲೆ ಪಾಚಿ ಬಿಟ್ಟು ಬೇರೆ ಮೀನುಗಳ ಮೈ ನೆಕ್ಕಲು ಹೋಗುತ್ತದೆ. ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ, ಗಿಡ ಕಿತ್ತು ಹಾಕುತ್ತದೆ. ಸಾಕಲಾಗದೆ ಅದನ್ನು ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಈಗಾಗಲೇ ಬೇರೂರಿ, ಅಲ್ಲಿನ ಮೀನುಗಳಿಗೆ ಕಷ್ಟವಾಗಿದೆ.

ಇಷ್ಟೆಲ್ಲ ಹೋಲಿಸಿದ ಮೇಲೂ ಒಂದನ್ನೇ ಆರಿಸು ಅಂದ್ರೆ ನಾನು ಲೈಟಿನ ಟೈಮರ್ ಆರಿಸುತ್ತೇನೆ, ಜೊತೆಗೆ ಬೇಗ ಬೆಳೆಯುವ ಗಿಡ. ಬೇರೆ ಮದ್ದುಗಳು ಬಂದ ಪಾಚಿಯನ್ನು ತೆಗೆಯುತ್ತವೆ, ಇದು ಬರದ ಹಾಗೆ ತಡೆಯುತ್ತದೆ. ದಿನಕ್ಕೆ ಆರು ಗಂಟೆ ಲೈಟ್, ಕಿಟಕಿಯ ಬಿಸಿಲು ಬೀಳದ ಜಾಗ, ಹಾರ್ನ್‌ವರ್ಟ್ ಅಥವಾ ವಾಟರ್ ಸ್ಪ್ರೈಟ್, ಮೇಲೆ ಒಂದಷ್ಟು ಅಂತರಗಂಗೆ. ಇವು ನೀರಿನಲ್ಲಿರುವ ಅಮೋನಿಯಾ, ನೈಟ್ರೇಟನ್ನು ಪಾಚಿಗಿಂತ ಮೊದಲೇ ಎಳೆದುಕೊಳ್ಳುತ್ತವೆ. ಅಂತರಗಂಗೆ ಮೇಲೆಲ್ಲ ಮುಚ್ಚಿಕೊಳ್ಳದ ಹಾಗೆ ಆಗಾಗ ತೆಗೆಯುತ್ತಿರಿ. ಪಾಚಿಗೆ ಹೆದರಿ ಗೊಬ್ಬರ ನಿಲ್ಲಿಸಬೇಡಿ, ಗಿಡ ಸೊರಗಿದರೆ ಪಾಚಿಗೇ ಅನುಕೂಲ.

ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ತನ್ನಿ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ನಮ್ಮ ಕಡೆ ಕರೆಂಟ್ ಹೋಗುವ ರೀತಿಗೆ ಸಂಜೆಯ ಲೈಟ್ ದಿನೇ ದಿನೇ ಜರುಗಿ ನಡುರಾತ್ರಿಗೆ ಬಂದು ನಿಲ್ಲುತ್ತದೆ. ಆರು ಗಂಟೆಯಲ್ಲಿ ಗಾಜು ಚೊಕ್ಕಟವಾಗಿದ್ದು, ಗಿಡ ಇನ್ನೂ ಬೆಳಕು ಬೇಡುತ್ತಿದೆ ಅನ್ನಿಸಿದರೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. ಎಂಟು ಗಂಟೆ ದಾಟುವ ಅಗತ್ಯ ನನಗೆ ಬಂದಿಲ್ಲ.